ಗೇಟಿನಾಚೆ ಹೋದ ಬಂಡಲ್: ಗುಟ್ಟಿನ ಉಪಗುತ್ತಿಗೆಯನ್ನು ನಾನು ಪತ್ತೆ ಹಚ್ಚುವ ಬಗೆ

ಬ್ರ್ಯಾಂಡಿಗೆ ತಿಳಿಸದೆ ಹೊಲಿಗೆಯನ್ನು ಬೇರೆ ಘಟಕಕ್ಕೆ ಕೊಡುವುದೇ ಗುಟ್ಟಿನ ಉಪಗುತ್ತಿಗೆ. ಅದನ್ನು ಹಿಡಿಯಲು ಗಾರ್ಮೆಂಟ್ಸ್ ಕಾರ್ಖಾನೆಯ ತಪಾಸಣೆಯಲ್ಲಿ ನಾನು ಮೊದಲು ಮಾಡುವುದು ಲೆಕ್ಕ. ಒಂದು ಶರ್ಟಿನ ಹೊಲಿಗೆಗೆ 18 ನಿಮಿಷ, 300 ಟೈಲರ್‌ಗಳು, ದಿನಕ್ಕೆ 480 ನಿಮಿಷ, ದಕ್ಷತೆ (ಆ ಸಮಯದಲ್ಲಿ ನಿಜಕ್ಕೂ ಹೊಲಿಗೆಯಾಗಿ ಇಳಿಯುವ ಪಾಲು) ಶೇ. 55 ಎಂದಿಟ್ಟುಕೊಳ್ಳಿ. ದಿನಕ್ಕೆ 4,400 ಶರ್ಟು, 24 ದಿನಕ್ಕೆ 1,05,600. ದಿನಾ ಎರಡು ಗಂಟೆ ಓಟಿ ಸೇರಿಸಿದರೂ 1,32,000. ಅಷ್ಟೇ ದಿನದಲ್ಲಿ 1,50,000 ಶರ್ಟು ರವಾನೆಗೆ ಲೋಡ್ ಆಗಿದ್ದರೆ, ಮಿಕ್ಕ 18,000 ಹೊಲಿದವರು ಯಾರು?

ಇಲ್ಲಿ ಎಡವುವುದು ದಕ್ಷತೆಯ ಅಂಕಿಯಲ್ಲಿ. ಮ್ಯಾನೇಜರ್ ಶೇ. 75 ಅಂದರೆ ಇಡೀ ಲೆಕ್ಕ ಸರಿಹೋಗಿಬಿಡುತ್ತದೆ. ಬಾಯಿಮಾತು ಬೇಡ, ಹಿಂದಿನ ಮೂರು ತಿಂಗಳ ಹೊಲಿಗೆ ಲೈನ್‌ಗಳ ವರದಿಯಿಂದಲೇ ಸರಾಸರಿ ತೆಗೆಯಿರಿ.

ಆಮೇಲೆ ಕಟಿಂಗ್ ರಿಜಿಸ್ಟರ್ ಮತ್ತು ಲೈನಿಗೆ ಇಳಿದ ಬಂಡಲ್‌ಗಳ (ಕತ್ತರಿಸಿದ ಬಟ್ಟೆ ತುಂಡುಗಳ ಕಟ್ಟು) ಸಂಖ್ಯೆ ಪಕ್ಕಪಕ್ಕ ಇಡಿ. ಅಂತರ ಕಂಡ ದಿನಾಂಕದ ಗೇಟ್ ಪಾಸ್, ಅಂದರೆ ಸರಕು ಹೊರಹೋಗುವಾಗ ಬರೆಯುವ ಚೀಟಿ, ತೆಗೆಸಿ. ‘ಕಸೂತಿಗೆ’ ಎಂದು ಬರೆದಿರುತ್ತದೆ, ಶರ್ಟು ನೋಡಿದರೆ ಬರೀ ಬಿಳಿ! ಎಲ್ಲಕ್ಕಿಂತ ನಂಬಿಕಸ್ಥ ಸಾಕ್ಷಿ ಕಾಲರ್ ಲೇಬಲ್. ಬ್ರ್ಯಾಂಡ್ ಸೂಚಿಸಿದ ಕಡೆಯಿಂದ ಎಣಿಸಿಯೇ ಬರುವ ಲೇಬಲ್ ಸ್ಟೋರಿನಿಂದ ಯಾವ ಲೈನಿಗೂ ಹೋಗದೆ ಖರ್ಚಾಗಿದ್ದರೆ, ಹೊಲಿಗೆಯೇ ಹೊರಗೆ ನಡೆದಿದೆ.

ಬಟ್ಟೆ, ಗುಂಡಿ, ಲೇಬಲ್ ಎಲ್ಲಿಂದ ತರಬೇಕೆಂದು ಹೇಳುವ ಕಂಪನಿಗೆ ಹೊಲಿಗೆ ಎಲ್ಲಿ ನಡೆಯಿತೆಂದು ಮಾತ್ರ ಗೊತ್ತಿರುವುದಿಲ್ಲವಂತೆ. 2012ರಲ್ಲಿ ಬಾಂಗ್ಲಾದೇಶದ ತಜ್ರೀನ್ ಕಾರ್ಖಾನೆ ಸುಟ್ಟು ನೂರಕ್ಕೂ ಹೆಚ್ಚು ಕಾರ್ಮಿಕರು ಸತ್ತಾಗ, ಅನುಮತಿಯಿಲ್ಲದೆ ಅಲ್ಲಿಗೆ ಕೆಲಸ ಹೋಗಿತ್ತೆಂದು ವಾಲ್‌ಮಾರ್ಟ್ ಹೇಳಿತ್ತು. ಹಾಗಾಗಿ ನನ್ನ ವರದಿಯಲ್ಲಿ ಖರೀದಿದಾರರ ಇಮೇಲ್‌ಗಳಿಗೂ ಒಂದು ಪುಟ ಇರುತ್ತದೆ: ಸ್ಯಾಂಪಲ್ ಒಪ್ಪಿಗೆ ಎಷ್ಟು ದಿನ ತಡವಾಯಿತು, ಬಣ್ಣ ಎಷ್ಟು ಸಲ ಬದಲಾಯಿತು, ರವಾನೆ ದಿನಾಂಕ ಮುಂದಕ್ಕೆ ಹೋಯಿತೇ. ಒಪ್ಪಿಗೆ 12 ದಿನ ತಡವಾಗಿ, ದಿನಾಂಕ ಕದಲದಿದ್ದರೆ, ತಡವಾದ ಸರಕನ್ನು ವಿಮಾನದಲ್ಲಿ ಕಳಿಸುವ ಬಾಡಿಗೆ ತಮ್ಮ ತಲೆಗೆ ಬರುವ ಮೊದಲು ಕಾರ್ಖಾನೆಯವರು ಬಂಡಲ್ ಹೊರಗೆ ಕಳಿಸುತ್ತಾರೆ.

ಸಿಕ್ಕಿಬಿದ್ದ ಕೂಡಲೇ ಆರ್ಡರ್ ರದ್ದು ಮಾಡಿಸಬೇಡಿ. ಹೊರಗೆ ಹೊಲಿದವರ ಕೂಲಿ ಮುಳುಗುತ್ತದೆ, ಮುಂದಿನ ಸಲ ನೋಡಲು ಗೇಟ್ ಪಾಸಿನ ಚೀಟಿಯೂ ಸಿಗುವುದಿಲ್ಲ. ಮೊದಲು ಆ ಘಟಕದ ಬಾಗಿಲು, ವೈರಿಂಗ್, ಬಾಕಿ ಕೂಲಿ ನೋಡಿ. ಅಲ್ಲಿನ ಪೀಸ್ ದರವನ್ನು ಒಂದು ಪೀಸಿಗೆ ಹಿಡಿಯುವ ನಿಮಿಷಗಳಿಂದ ಭಾಗಿಸಿ, 480ರಿಂದ ಗುಣಿಸಿದರೆ ದಿನಗೂಲಿ ಬರುತ್ತದೆ. ಅದು ಕನಿಷ್ಠ ವೇತನ ಮುಟ್ಟುವ ತನಕ ಘಟಕವನ್ನು ಅನುಮತಿ ಪಟ್ಟಿಗೆ ಸೇರಿಸಬೇಡಿ.