ದಾರ ನಿಮ್ಮದು, ಕೈ ನನ್ನದು: ಬೆಂಗಳೂರಲ್ಲಿ ಕಾಸು ಮುಟ್ಟದೆ ಬದುಕಿದ ನನ್ನ ಅನುಭವ

ಬೆಂಗಳೂರಿನಲ್ಲಿ ದುಡ್ಡಿಲ್ಲದೆ ಹೇಗೋ ಹೊಟ್ಟೆ ತುಂಬಿಸಿಕೊಳ್ಳಬಹುದು, ಸೂರು ಹೊಂದಿಸುವುದು ಮಾತ್ರ ಕಷ್ಟ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಊರಿದು. ಭೋಗ್ಯಕ್ಕೆ ಹಾಕಿಕೊಂಡರೆ ತಿಂಗಳ ಬಾಡಿಗೆ ಇರುವುದಿಲ್ಲ ನಿಜ, ಆದರೆ ಅದಕ್ಕೂ ಮೊದಲೇ ಲಕ್ಷಗಟ್ಟಲೆ ಎಣಿಸಬೇಕು. ಅದಕ್ಕೇ 2025ರ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಕಾಸು ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದವಳು, ಬಾಡಿಗೆಗಿಂತ ಜನದ ಅಗತ್ಯ ಹೆಚ್ಚಿರುವ ಮನೆ ಹುಡುಕಿದೆ.

ಸಿಕ್ಕಿದ್ದು ಹನುಮಂತನಗರದ ಒಂದು ಹಳೇ ಮನೆ. ಮನೆಯ ಯಜಮಾನರಾದ ಮೇಷ್ಟ್ರಿಗೆ ಎಂಬತ್ತು ದಾಟಿದೆ, ನಾನು ಅಮ್ಮ ಎಂದೇ ಕರೆಯುವ ಅವರ ಹೆಂಡತಿಗೆ ಮಂಡಿ ನೋವು, ಇಬ್ಬರು ಗಂಡುಮಕ್ಕಳೂ ಅಮೆರಿಕದಲ್ಲಿ. ಹಿತ್ತಲಿನ ಔಟ್‌ಹೌಸ್ ಖಾಲಿ ಬಿದ್ದಿತ್ತು. ಎರಡು ಹೊತ್ತಿನ ಅಡುಗೆ, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಗಿಡಗಳಿಗೆ ನೀರು, ರಾತ್ರಿ ಕರೆದರೆ ಎದ್ದು ಬರುವುದು ನನ್ನ ಪಾಲು. ಔಟ್‌ಹೌಸು, ಗ್ಯಾಸು, ನೀರು ಅವರದು. ಅಕ್ಕಿ, ಬೇಳೆ, ಎಣ್ಣೆ ಅವರು ತರುತ್ತಾರೆ, ರಾಗಿ ಮತ್ತು ತರಕಾರಿ ನಾನು ತರುತ್ತೇನೆ ಎಂದು ಮಾತಾಯಿತು. ಔಟ್‌ಹೌಸಿಗೆ ಬೇರೆ ಮೀಟರ್ ಇದೆ. ಒಂದು ಬಲ್ಬು, ಒಂದು ಫ್ಯಾನಿಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್.

ನಿಯಮಗಳು ಸರಳ. ನೋಟು, ಚಿಲ್ಲರೆ, ಕಾರ್ಡು, ಯುಪಿಐ ಯಾವುದೂ ಇಲ್ಲ. ಅಂಗಡಿಯಲ್ಲಿ ನನ್ನ ಪರವಾಗಿ ಇನ್ನೊಬ್ಬರು ಕೊಡುವಂತಿಲ್ಲ. ಸಾಲ ಬರೆಸುವಂತಿಲ್ಲ. ಆದರೆ ಕೂಡಿಟ್ಟಿದ್ದನ್ನು ದಾನ ಮಾಡಲಿಲ್ಲ. ಎಫ್‌ಡಿ ಬ್ಯಾಂಕಿನಲ್ಲೇ ಇತ್ತು, ಆರೋಗ್ಯ ವಿಮೆಯ ಕಂತು ಖಾತೆಯಿಂದ ತಾನಾಗೇ ಹೋಗುತ್ತಿತ್ತು. ಇದನ್ನು ಕೇಳಿದ ಗೆಳತಿ, "ಇದೇನೇ, ಏಕಾದಶಿ ಉಪವಾಸ ಅಂತ ಎರಡು ತಟ್ಟೆ ಉಪ್ಪಿಟ್ಟು ತಿಂದ ಹಾಗಾಯ್ತಲ್ಲ" ಎಂದಳು. ಇರಬಹುದು. ಐವತ್ತು ದಾಟಿದ ಒಂಟಿ ಹೆಂಗಸು ಆಸ್ಪತ್ರೆ ಖರ್ಚನ್ನೂ ದೇವರ ಮೇಲೆ ಹಾಕಿ ಕೂರಲಿ ಎನ್ನುವವರ ಜೊತೆ ನನಗೆ ವಾದವಿಲ್ಲ.

ಇದೇನು ಹೊಸ ಹುಚ್ಚಲ್ಲ. ವಿನೋಬಾ ಭಾವೆ 1950ರ ಸುಮಾರಿಗೆ ಪವನಾರ್ ಆಶ್ರಮದಲ್ಲಿ 'ಕಾಂಚನ ಮುಕ್ತಿ', ಅಂದರೆ ದುಡ್ಡಿನಿಂದ ಬಿಡುಗಡೆ, ಎಂದು ಪ್ರಯೋಗ ಮಾಡಿದ್ದರು. 1961ರಲ್ಲಿ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಎಂಬ ಇಬ್ಬರು ಹುಡುಗರು ನಮ್ಮ ಬೆಂಗಳೂರಲ್ಲೇ ಕಾಫಿ ಕುಡಿಯುತ್ತಾ, ಅಣುಬಾಂಬ್ ವಿರೋಧಿಸಿ 89ರ ವಯಸ್ಸಿನ ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಜೈಲಿಗೆ ಹೋದ ಸುದ್ದಿ ಓದಿದರು. ಮರುವರ್ಷ ದೆಹಲಿಯಿಂದ ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್‌ಗೆ ಶಾಂತಿಯಾತ್ರೆ ಹೊರಟರು. ಕಾಸು ಇಟ್ಟುಕೊಳ್ಳಬೇಡಿ ಎಂದು ಹೇಳಿ ಕಳಿಸಿದವರು ವಿನೋಬಾ. ಜರ್ಮನಿಯ ಹೈಡೆಮಾರಿ ಶ್ವೆರ್ಮರ್ 1996ರಲ್ಲಿ ದುಡ್ಡು ಬಿಟ್ಟು, ಊರಿಗೆ ಹೋದವರ ಮನೆ ಕಾಯುತ್ತಾ ಬದುಕಿದರು. ಐರ್ಲೆಂಡಿನ ಮಾರ್ಕ್ ಬಾಯ್ಲ್ 2008ರಲ್ಲಿ ಶುರುಮಾಡಿದ್ದು ಇಂಗ್ಲೆಂಡಿನ ಹೊಲವೊಂದರಲ್ಲಿ, ಯಾರೋ ಬಿಟ್ಟಿ ಕೊಟ್ಟ ಕ್ಯಾರವಾನಿನಲ್ಲಿ. ನನಗೆ ಹತ್ತಿರ ಅನಿಸಿದ್ದು ಶ್ವೆರ್ಮರ್. ಹೊಲ, ಕಾಡು ಅಂತ ಹೋಗದೆ ಪಟ್ಟಣದಲ್ಲೇ ಮಾಡಿದವರು ಅವರು.

ಇನ್ನು ರಾಗಿ. ಕುಣಿಗಲ್ ಕಡೆ ತಮ್ಮನ ಹೊಲವಿದೆ. ನಮ್ಮ ಕಡೆ ಮುಯ್ಯಾಳು ಪದ್ಧತಿ ಇತ್ತು: ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಈಗ ರಾಗಿ ಕೊಯ್ಯಲು ಮೆಷಿನ್ ಬರುತ್ತೆ, ಕಣದ ಬದಲು ಟಾರು ರಸ್ತೆಯ ಮೇಲೇ ಹರವುತ್ತಾರೆ. ಆದರೂ ಅವರೆ ಬಿಡಿಸುವುದಕ್ಕೆ, ರಾಗಿ ಕೇರಿ ಒಣಗಿಸುವುದಕ್ಕೆ ಕೈ ಬೇಕೇ ಬೇಕು. ಶಕ್ತಿ ಯೋಜನೆಯ ಸಾಮಾನ್ಯ ಬಸ್ಸಿನಲ್ಲಿ ಹೋಗಿ, ಕೆಲಸ ಮುಗಿಸಿ, ಮೂಟೆಯ ಜೊತೆ ವಾಪಸ್. ಶೂನ್ಯ ಟಿಕೆಟ್ಟೂ ದುಡ್ಡೇ ಅಲ್ಲವೇ, ಸರ್ಕಾರ ಕಟ್ಟುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಕಟ್ಟುತ್ತೆ. 2023ರ ಜೂನ್‌ಗೆ ಮೊದಲು ಈ ಕೆಲಸಕ್ಕೆ ಕೈಹಾಕಿದ್ದರೆ ನಡೆದೇ ಹೋಗಬೇಕಿತ್ತು. ಗಂಡಸರು ಮಾಡುವುದಾದರೆ ಈಗಲೂ ಒಂದು ಸೈಕಲ್ ಹೊಂದಿಸಿಕೊಳ್ಳಲಿ.

ರಾಗಿ ಬಂತು. ಬೀಸುವವರು ಯಾರು? ಬೀಸುವ ಕಲ್ಲು ಆಂಟಿಕ್ ಅಂಗಡಿ ಸೇರಿ ಯಾವ ಕಾಲವಾಯಿತು. ಫ್ಲೋರ್ ಮಿಲ್ಲಿನಲ್ಲಿ ಹೀಗಾಯಿತು:

"ಅಣ್ಣಾ, ನನ್ನ ಹತ್ರ ಕಾಸಿಲ್ಲ."

"ಸ್ಕ್ಯಾನ್ ಮಾಡಿ ಅಕ್ಕಾ."

"ಅದೂ ಇಲ್ಲ."

"ಸರಿ ಬಿಡಿ, ನಾಳೆ ಕೊಡೋರಂತೆ."

"ನಾಳೇನೂ ಕೊಡಲ್ಲ. ಬೇರೆ ಏನಾದ್ರೂ ಕೆಲಸ ಇದ್ರೆ ಹೇಳಿ, ಮಾಡ್ತೀನಿ."

ಅವರು ಮೆಷಿನ್ ನಿಲ್ಲಿಸಿ ನನ್ನ ಮುಖ ನೋಡಿದರು. ಕೈಯಲ್ಲಿ ವಾಚಿದೆ, ಉಟ್ಟಿರುವುದು ಒಳ್ಳೇ ಸೀರೆ. ಒಳಗಿನಿಂದ ಅವರ ಹೆಂಡತಿ ಬಂದು ಅದೇ ಸೀರೆಯ ಸೆರಗು ಹಿಡಿದು, "ಈ ಕುಚ್ಚು ಎಲ್ಲಿ ಹಾಕಿಸಿದ್ರಿ?" ಎಂದರು. ನಾನೇ ಹಾಕಿದ್ದು ಎಂದೆ. ಆ ವರ್ಷದ ಹಿಟ್ಟಿನ ಚಿಂತೆ ಅಲ್ಲಿಗೆ ಮುಗಿಯಿತು.

ಕುಚ್ಚಿಗೆ ಈ ಊರಲ್ಲಿರುವ ಬೇಡಿಕೆ ಗಂಡಸರಿಗೆ ಗೊತ್ತಾಗುವುದಿಲ್ಲ. ರೇಷ್ಮೆ ಸೀರೆ ಅಂದಮೇಲೆ ಕುಚ್ಚಿಲ್ಲದೆ ಯಾರೂ ಉಡುವುದಿಲ್ಲ. ಸಾದಾ ಕುಚ್ಚಿಗೇ 200-300 ರೂಪಾಯಿ, ಕ್ರೋಶಾ ಹಾಕಿ ಮಣಿ ಪೋಣಿಸಿದರೆ ಸಾವಿರ ದಾಟುತ್ತೆ. ಬಂಡವಾಳ ಎಂದರೆ ದಾರ, ಮಣಿ. ಅದಕ್ಕೆ ದುಡ್ಡು ಬೇಕು. ಅದಕ್ಕೇ ಮೊದಲ ದಿನದಿಂದ ಹೇಳಿದ್ದು ಒಂದೇ ಮಾತು: ದಾರ ನಿಮ್ಮದು, ಕೈ ನನ್ನದು. ದಾರವನ್ನು ಅಂಚಿನ ಬಣ್ಣಕ್ಕೆ ಹೊಂದಿಸಿ ತರಬೇಕು, ಒಡಲಿನ ಬಣ್ಣಕ್ಕಲ್ಲ. ಎಳೆಗಳನ್ನು ಸಮನಾಗಿ ಸುತ್ತಿ, ಸೆರಗಿನ ತುದಿಯಿಂದ ಕಾಲಿಂಚು ಒಳಗೆ ಸೂಜಿ ಚುಚ್ಚಿ ತೂರಿಸಿ, ಮಡಿಸಿ, ಕುತ್ತಿಗೆಗೆ ಜರಿ ಎಳೆ ಬಿಗಿದು ಗಂಟು. ತೀರಾ ತುದಿಯಲ್ಲಿ ಚುಚ್ಚಿದರೆ ನಾಲ್ಕು ಸಲ ಉಟ್ಟ ಮೇಲೆ ನೇಯ್ಗೆ ಹರಿಯುತ್ತೆ. ಎಲ್ಲಾ ಕಟ್ಟಿದ ಮೇಲೆ ದಾರಕ್ಕೆ ಇಸ್ತ್ರಿಯ ಹಬೆ ಕೊಟ್ಟು, ನೇರವಾದ ಮೇಲೆಯೇ ಕತ್ತರಿ. ಮೊದಲೇ ಕತ್ತರಿಸಿದರೆ ಒಂದು ಕುಚ್ಚು ಗಿಡ್ಡ, ಒಂದು ಉದ್ದ.

ಹೀಗೆ ತಳ್ಳುಗಾಡಿಯ ಅಕ್ಕನ ಮಗಳ ಮದುವೆ ಸೀರೆಗಳಿಗೆ ಕುಚ್ಚು ಕಟ್ಟಿ ತರಕಾರಿ ತಂದೆ. ತೊಡಕು ಬಂದದ್ದು ಅಳತೆಯಲ್ಲಿ. ಒಂದು ಸೀರೆಗೆ ಎಷ್ಟು ಟೊಮ್ಯಾಟೊ? ಇಬ್ಬರ ತಲೆಯಲ್ಲೂ ರೂಪಾಯಿ ಲೆಕ್ಕವೇ ಓಡುತ್ತಿತ್ತು. ಟೊಮ್ಯಾಟೊ ರೇಟು ಏರಿದ ವಾರ ಅವರಿಗೆ ಸಂಕಟ, ಇಳಿದ ವಾರ ನನಗೆ. ಕೊನೆಗೆ ಲೆಕ್ಕ ಬಿಟ್ಟು, ಸಂಜೆ ಗಾಡಿಯಲ್ಲಿ ಉಳಿದದ್ದರಲ್ಲಿ ಅವರಿಗೆ ತೋಚಿದಷ್ಟು ಕೊಡುವುದು ಎಂದಾಯಿತು. ಬಾಡಿದ ಬೀನ್ಸು, ಒಂದು ಕಡೆ ಮೆತ್ತಗಾದ ಬದನೆಕಾಯಿ; ಹುಳಿಗೆ ಧಾರಾಳವಾಗಿ ಆಗುತ್ತೆ. ಹಿತ್ತಲಲ್ಲಿ ನುಗ್ಗೆ, ಬಸಳೆ, ದೊಡ್ಡಪತ್ರೆ, ಕರಿಬೇವು ಇತ್ತು. ಅಡುಗೆಮನೆಯ ಹಸಿಕಸವೇ ಗೊಬ್ಬರ. ಕೆರೆಯಂಚಿನ ಹೊನಗೊನ್ನೆ ಸೊಪ್ಪನ್ನು ಮಾತ್ರ ಯಾರೂ ಕೀಳಬೇಡಿ. ನಮ್ಮ ಕೆರೆಗಳಿಗೆ ಹರಿದು ಬರುವ ನೀರು ಎಂಥದ್ದು ಎಂದು ಎಲ್ಲರಿಗೂ ಗೊತ್ತು.

ಗಾರ್ಮೆಂಟ್ಸ್ ಕಂಪನಿಯೊಂದರ ಅಕೌಂಟ್ಸ್‌ನಲ್ಲಿ ಬಹಳ ವರ್ಷ ಇದ್ದವಳು ನಾನು. ದುಡ್ಡು ಬಿಟ್ಟ ಮೇಲೆ ಆ ವಿದ್ಯೆ ಕೆಲಸಕ್ಕೆ ಬಾರದು ಅಂದುಕೊಂಡಿದ್ದೆ. 2025ರ ಜುಲೈನಲ್ಲಿ ಯುಪಿಐ ವ್ಯವಹಾರ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದದ್ದು ನೆನಪಿರಬೇಕು. ಬೆಂಗಳೂರಿನ ಕಾಂಡಿಮೆಂಟ್ಸ್ ಅಂಗಡಿಗಳ ಮೇಲೆಲ್ಲಾ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಎಂಬ ಚೀಟಿ ಬಿತ್ತು. ನಮ್ಮ ಬೀದಿಯ ಬೇಕರಿಯವರು ನೋಟಿಸ್ ಹಿಡಿದು ಬಂದರು. ಅವರ ಸ್ಟೇಟ್‌ಮೆಂಟ್ ಹರವಿ ಕೂತೆ. ಚೀಟಿ ದುಡ್ಡು ಬಂದದ್ದು, ಭಾವಮೈದ ಸಾಲ ತೀರಿಸಿದ್ದು ಎಲ್ಲಾ ವ್ಯಾಪಾರದ ಲೆಕ್ಕಕ್ಕೆ ಸೇರಿತ್ತು. ತೆರಿಗೆ ಇಲ್ಲದ ಹಾಲು, ಬ್ರೆಡ್ಡು ಒಂದು ಕಡೆ, ತೆರಿಗೆ ಇರುವ ಕೇಕು, ಬಿಸ್ಕತ್ತು ಇನ್ನೊಂದು ಕಡೆ ಮಾಡಿ, ಅವರ ಆಡಿಟರ್ ಕೈಗೆ ಕೊಡುವ ಹಾಗೆ ಪಟ್ಟಿ ಬರೆದುಕೊಟ್ಟೆ. ಆಮೇಲೆ ತಿಂಗಳುಗಟ್ಟಲೆ ನಮ್ಮ ಮನೆಗೆ ಬ್ರೆಡ್ಡು, ಬನ್ನು ಬಂತು. ತಮಾಷೆ ಎಂದರೆ, ಜಿಎಸ್‌ಟಿ ಕಾನೂನಿನ ಏಳನೇ ಸೆಕ್ಷನ್ನಿನಲ್ಲಿ ತೆರಿಗೆಯ ಲೆಕ್ಕಕ್ಕೆ ಬರುವ ವಹಿವಾಟಿನಲ್ಲಿ ವಸ್ತು ವಿನಿಮಯವೂ ಸೇರಿದೆ. ಕಾಸು ಮುಟ್ಟಲಿಲ್ಲ ಎಂದ ಮಾತ್ರಕ್ಕೆ ಕಾನೂನಿಂದ ಆಚೆ ಇದ್ದೇವೆ ಎಂದಲ್ಲ. ಸೇವೆಗೆ ವರ್ಷಕ್ಕೆ 20 ಲಕ್ಷ ವಹಿವಾಟಿನ ಮಿತಿ ಇದೆ, ಅದರೊಳಗಿದ್ದರೆ ನೋಂದಣಿ ಬೇಡ. ಕುಚ್ಚು ಕಟ್ಟಿ ಆ ಮಿತಿ ಮುಟ್ಟುವ ಭಯ ನನಗಿರಲಿಲ್ಲ.

ಇಡೀ ವರ್ಷದಲ್ಲಿ ನನಗೆ ಮಜಾ ಅನಿಸಿದ್ದು ವರಮಹಾಲಕ್ಷ್ಮಿ ಹಬ್ಬ. ದುಡ್ಡು ಬಿಟ್ಟವಳು ಮನೆಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿ, 500ರ ನೋಟಿನ ಮಾಲೆ ತೊಟ್ಟ ಲಕ್ಷ್ಮಿಗೆ ಕೈಮುಗಿಯಬೇಕು! ಆದರೆ ತಾಂಬೂಲದ ಚೀಲ ನೋಡಿ: ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ, ಬಳೆ, ಬ್ಲೌಸ್ ಪೀಸ್. ಆ ಬ್ಲೌಸ್ ಪೀಸನ್ನು ಹೊಲಿಸಿದವರನ್ನು ನಾನು ಕಂಡಿಲ್ಲ. ನಿಮ್ಮ ಮನೆಯಿಂದ ನಮ್ಮ ಮನೆಗೆ, ನಮ್ಮಿಂದ ನಾದಿನಿಗೆ, ಅಲ್ಲಿಂದ ಮುಂದಿನ ಬೀದಿಗೆ. ನಾನು ಕೊಟ್ಟಿದ್ದ ಹಸಿರು ಪೀಸು ಗೌರಿ ಹಬ್ಬದ ಹೊತ್ತಿಗೆ ನನಗೇ ವಾಪಸ್ ಬಂತು, ಮಡಿಕೆ ಕೂಡ ಬಿಚ್ಚಿರಲಿಲ್ಲ. ತೆಂಗಿನಕಾಯಿ ಮಾತ್ರ ಚಟ್ನಿಗೆ, ಹುಳಿಗೆ ಬಹಳ ದಿನ ಬಂತು. ಕೆಲವರು ಎಲೆಯ ಮೇಲೆ ದಕ್ಷಿಣೆ ಅಂತ ಹತ್ತರ ನಾಣ್ಯ ಇಡುತ್ತಾರೆ. ಮುಟ್ಟುವುದಿಲ್ಲ ಎಂದರೆ ಮುತ್ತೈದೆಯರಿಗೆ ಅವಮಾನ. ಎಲೆಯ ಸಮೇತ ಎತ್ತಿ ಅವರ ದೇವರ ಮುಂದೆಯೇ ಇಟ್ಟು ಬರುತ್ತಿದ್ದೆ.

ಮದುವೆ ಮನೆಗಳು ಇಷ್ಟು ಸುಲಭವಾಗಿರಲಿಲ್ಲ. ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರ್ ಇಲ್ಲದೆ ಸ್ಟೇಜು ಹತ್ತುವುದು ಹೇಗೆ? ಮುಯ್ಯಿ ಬರೆದಿಡುವವರು ಈಗಲೂ ಇದ್ದಾರೆ. ನಾವು ಅವರ ಮಗಳಿಗೆ ಹಾಕಿದ್ದೆಷ್ಟು, ಅವರು ನಮ್ಮ ಮಗನಿಗೆ ಹಾಕಿದ್ದೆಷ್ಟು ಎಂಬ ಲೆಕ್ಕ ಬ್ಯಾಂಕಿಗಿಂತ ಕರಾರುವಾಕ್ಕು. ನಾನು ಹಿಂದಿನ ದಿನವೇ ಛತ್ರಕ್ಕೆ ಹೋಗಿ ಚಪ್ಪರದ ರಂಗೋಲಿ ಹಾಕಿ, ತಾಂಬೂಲದ ಚೀಲ ತುಂಬಿ, ವಧುವಿನ ಸೀರೆಗಳನ್ನು ಹೊಂದಿಸಿಕೊಡುತ್ತಿದ್ದೆ. ಹತ್ತಿರದವರು ಒಪ್ಪಿದರು. ದೂರದ ಸಂಬಂಧದ ಒಬ್ಬರು ಮಾತ್ರ, "ಪಾಪ, ಕೆಲಸ ಹೋದಮೇಲೆ ತುಂಬಾ ಕಷ್ಟ ಅಂತೆ" ಎಂದು ನನಗೆ ಕೇಳುವ ಹಾಗೇ ಹೇಳಿದರು. ಬಡತನ ಬೇರೆ, ನಾನು ಮಾಡುತ್ತಿದ್ದದ್ದು ಬೇರೆ. ಆದರೆ ಊಟದ ಪಂಕ್ತಿಯಲ್ಲಿ ಕೂತು ಅದನ್ನು ವಿವರಿಸಲು ಆಗುತ್ತದೆಯೇ?

ಫೋನು ಸೋತಿತು. ರೀಚಾರ್ಜ್ ಇಲ್ಲದೆ ಸಿಮ್ಮು ಸತ್ತಿತು, ಅದರ ಜೊತೆ ಒಟಿಪಿ ಬೇಡುವ ಎಲ್ಲವೂ ನಿಂತವು. ಮೇಷ್ಟ್ರ ಮನೆಯ ಲ್ಯಾಂಡ್‌ಲೈನೇ ಗತಿ. ನನ್ನನ್ನು ಬೇಕಾದವರು ಬೆಳಿಗ್ಗೆ ಹತ್ತರೊಳಗೆ ಅದಕ್ಕೆ ಮಾಡುವುದನ್ನು ಕಲಿತರು.

ಇಷ್ಟೆಲ್ಲಾ ಹೇಳಿದ ಮೇಲೂ, ದುಡ್ಡಿಲ್ಲದ ಲೋಕ ಚೆನ್ನಾಗಿತ್ತು ಎನ್ನುವವರ ಮಾತಿಗೆ ನಾನು ತಲೆದೂಗುವುದಿಲ್ಲ. ನಮ್ಮಜ್ಜಿ ಹೇಳುತ್ತಿದ್ದರು: ಸುಗ್ಗಿಯಲ್ಲಿ ಕ್ಷೌರಿಕರು, ಮಡಿವಾಳರು, ಕಮ್ಮಾರರು, ತೋಟಿ ಎಲ್ಲಾ ಕಣಕ್ಕೆ ಬಂದು ಆಯ ತೆಗೆದುಕೊಳ್ಳುತ್ತಿದ್ದರು. ವರ್ಷವಿಡೀ ಮಾಡಿದ ಕೆಲಸಕ್ಕೆ ಮೊರದಲ್ಲಿ ರಾಗಿ. ಅದರಲ್ಲಿ ಕೆಲವರು ದೂರ ನಿಲ್ಲಬೇಕಿತ್ತು. ಈ ಕೆಲಸ ಒಲ್ಲೆ ಎನ್ನುವ ಹಾಗಿರಲಿಲ್ಲ. ಅಪ್ಪನ ಕೆಲಸವೇ ಮಗನಿಗೆ. ಅಂಥ ಮನೆಗಳ ಹೆಣ್ಣುಮಕ್ಕಳೇ ಬೆಂಗಳೂರಿಗೆ ಬಂದು ನಮ್ಮ ಗಾರ್ಮೆಂಟ್ಸ್‌ನಲ್ಲಿ ಮೆಷಿನ್ ಮೇಲೆ ಕೂತರು. ಸಂಬಳದ ದಿನ ಅವರ ಮುಖ ನಾನು ಕಂಡಿದ್ದೇನೆ. ಸಂಬಳ ಕಡಿಮೆಯೇ, ಬೈಗುಳ ಇದ್ದದ್ದೇ. ಆದರೆ ತಿಂಗಳ ಕೊನೆಗೆ ಇಬ್ಬರಿಗೂ ಋಣವಿಲ್ಲ, ಬೇಡವೆಂದರೆ ಪಕ್ಕದ ಕಂಪನಿಗೆ ಹೋಗಬಹುದು. ದುಡ್ಡು ಕೊಡುವುದು ಆ ಬಿಡುಗಡೆಯನ್ನು. ನಾನು ದುಡ್ಡು ಬಿಟ್ಟಾಗ ಕೈಬಿಟ್ಟದ್ದೂ ಅದನ್ನೇ: ಎಷ್ಟೋ ಜನರ ಋಣದಲ್ಲಿ, ಅವರು ನನ್ನ ಋಣದಲ್ಲಿ, ಯಾರೂ ಸುಲಭವಾಗಿ ಎದ್ದು ಹೋಗುವ ಹಾಗಿಲ್ಲ.

ಇದು ಗಟ್ಟಿಯಾಗಿ ಅರಿವಿಗೆ ಬಂದದ್ದು ಮೇಷ್ಟ್ರ ದೊಡ್ಡ ಮಗ ದಸರೆಗೆ ಬಂದಾಗ. "ಅಕ್ಕಾ, ತಪ್ಪು ತಿಳ್ಕೋಬೇಡಿ. ತಿಂಗಳಿಗೆ ಇಷ್ಟು ಅಂತ ಸಂಬಳ ತೊಗೊಳ್ಳಿ. ಇಲ್ದಿದ್ರೆ ಅಪ್ಪನಿಗೆ ಔಷಧಿ ಕೊಟ್ರಾ ಅಂತ ಕೇಳೋಕೂ ನನಗೆ ಸಂಕೋಚ" ಎಂದರು. ಮಾತು ನಿಜ. ಅತ್ತ ಅಮ್ಮನಿಗೂ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನಲು ಸಂಕೋಚ, ಇತ್ತ ನನಗೆ ಭಾನುವಾರ ಹೊರಗೆ ಹೋಗುತ್ತೇನೆ ಎನ್ನಲು ಸಂಕೋಚ. ಸಂಬಳ ಬೇಡವೆಂದೆ, ಕಾಗದ ಬೇಕೆಂದೆ. ನಾವು ಮೂವರೂ ಊಟದ ಮೇಜಿನ ಮುಂದೆ ಕೂತು ಬರೆದೆವು: ಔಷಧಿಯ ಹೊತ್ತು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡುವುದು, ಅಡುಗೆಯ ಬಗ್ಗೆ ಅಮ್ಮ ಬಾಯಿಬಿಟ್ಟು ಹೇಳುವುದು, ಭಾನುವಾರ ನನ್ನದು, ಯಾರಿಗೆ ಬೇಡವೆಂದರೂ ಎರಡು ತಿಂಗಳು ಮೊದಲು ತಿಳಿಸುವುದು.

ಯುಗಾದಿ ಕಳೆದ ಮೇಲೆ ಫೋನಿಗೆ ರೀಚಾರ್ಜ್ ಮಾಡಿಸಿದೆ. ಹಲ್ಲು ಕೀಳಿಸಲು ದುಡ್ಡು ಕೊಟ್ಟೆ, ಕಂಪನಿಯ ಹಳೇ ಗೆಳತಿಯ ಮಗಳ ಮದುವೆಗೆ ಕವರ್ ಹಾಕಿದೆ. ಕುಚ್ಚಿಗೆ, ಹಿಟ್ಟಿಗೆ, ತರಕಾರಿಗೆ, ಸೂರಿಗೆ ಇನ್ನೂ ಕಾಸು ಮುಟ್ಟಿಲ್ಲ. ಆ ಕಾಗದ ಫ್ರಿಜ್ ಮೇಲೆ ಅಂಟಿಸಿದೆ. ಮೊನ್ನೆ ಅಮ್ಮ ಅದಕ್ಕೆ ಒಂದು ಸಾಲು ಸೇರಿಸಿದ್ದಾರೆ, ಶನಿವಾರ ರಾಗಿ ಮುದ್ದೆ ಬೇಡ, ಚಪಾತಿ ಎಂದು.