ಒಂಟಾರಿಯೊಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ: ಸಂಕೋಚ ಬಿಟ್ಟು ಕೇಳಿ

ಟೊರೊಂಟೊ, ಮಿಸ್ಸಿಸಾಗಾ, ಬ್ರಾಂಪ್ಟನ್, ಮಿಲ್ಟನ್ ಕಡೆ ಬಂದಿಳಿದಿರುವ ಎಲ್ಲರಿಗೂ ನಮಸ್ಕಾರ. ಹೊಸಬರು ನಮ್ಮ ಕನ್ನಡ ಸಂಘಕ್ಕೆ ಫೋನ್ ಮಾಡಿ ಕೇಳುವುದು ಹೆಚ್ಚಾಗಿ ಮನೆ, ಕೆಲಸ, ಮಕ್ಕಳ ಶಾಲೆ, ಹೆಲ್ತ್ ಕಾರ್ಡ್ ಬಗ್ಗೆ. ನಮಗೆ ಗೊತ್ತಿದ್ದಷ್ಟು ಖುಷಿಯಿಂದ ಹೇಳುತ್ತೇವೆ. ಆದರೆ ಇದನ್ನೇ ಕೆಲಸ ಮಾಡಿಕೊಂಡಿರುವವರು, ನಮಗಿಂತ ಚೆನ್ನಾಗಿ ತಿಳಿದವರು ಈ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಹತ್ತಿರ ನಮ್ಮವರು ಹೋಗುವುದೇ ಕಮ್ಮಿ. "ಅದೆಲ್ಲ ನಿರಾಶ್ರಿತರಿಗೆ, ನಾವು ಓದಿ ಬಂದವರು" ಅಂದುಕೊಂಡು ಸುಮ್ಮನಾಗಿಬಿಡುತ್ತಾರೆ. ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಆ ಸಂಕೋಚ ಹೋಗಲಿ ಅಂತಲೇ ಇದನ್ನು ಬರೆದಿದ್ದೇವೆ.

ಮೊದಲು ಸೆಟಲ್‌ಮೆಂಟ್ ಏಜೆನ್ಸಿಗೆ ಹೋಗಿ

ಹೊಸಬರು ನೆಲೆಯೂರಲು ನೆರವಾಗುವ ಸಂಸ್ಥೆಗಳಿಗೆ ಇಲ್ಲಿ ಸೆಟಲ್‌ಮೆಂಟ್ ಏಜೆನ್ಸಿ ಅನ್ನುತ್ತಾರೆ. ಕೋಸ್ಟಿ, ಆಕ್ಸೆಸ್ ಎಂಪ್ಲಾಯ್‌ಮೆಂಟ್, ಪಾಲಿಕಲ್ಚರಲ್, ಪೀಲ್ (ಮಿಸ್ಸಿಸಾಗಾ, ಬ್ರಾಂಪ್ಟನ್ ಸೇರಿರುವ ಪ್ರದೇಶ) ಕಡೆಯ ಇಂಡಸ್ ಕಮ್ಯುನಿಟಿ ಸರ್ವಿಸಸ್, ನ್ಯೂಕಮರ್ ಸೆಂಟರ್ ಆಫ್ ಪೀಲ್ ಹೀಗೆ ಹಲವಾರು ಇವೆ. ಕೋಸ್ಟಿ ಶುರುವಾಗಿದ್ದು ಇಟಲಿಯಿಂದ ವಲಸೆ ಬಂದವರಿಗಾಗಿ. ಈಗ ಅದರ ಬಾಗಿಲು ಎಲ್ಲ ದೇಶದವರಿಗೂ ತೆರೆದಿದೆ. ಒಂದು ಕಾಲದಲ್ಲಿ ಹೊಸಬರಾಗಿ ಬಂದವರೇ ಆಮೇಲೆ ಬರುವವರಿಗಾಗಿ ಕಟ್ಟಿದ ವ್ಯವಸ್ಥೆ ಇದು. ಇಂಥ ಕಡೆ ಕೌನ್ಸೆಲರ್ ಆಗಿರುವವರಲ್ಲಿ ತುಂಬಾ ಜನ ತಾವೂ ಸೂಟ್‌ಕೇಸ್ ಹಿಡಿದು ಬಂದವರೇ.

ಪಿಆರ್ (ಕಾಯಂ ವಾಸದ ಅನುಮತಿ) ಇರುವವರಿಗೆ, ನಿರಾಶ್ರಿತರೆಂದು ಒಪ್ಪಿಗೆ ಸಿಕ್ಕವರಿಗೆ ಇಲ್ಲಿಯ ಸೇವೆಗಳು ಉಚಿತ. ಖರ್ಚನ್ನು ಹೆಚ್ಚಾಗಿ ಕೇಂದ್ರ ಸರ್ಕಾರವೇ ಕೊಡುತ್ತದೆ. ಹಾಗಾಗಿ ಇದನ್ನು ದಾನ ಅಂದುಕೊಳ್ಳಬೇಡಿ. ಒಂದು ಮಾತು ನೆನಪಿರಲಿ: ಪೌರತ್ವ ಸಿಕ್ಕ ಮೇಲೆ ಈ ಸೇವೆಗಳಲ್ಲಿ ಬಹುಪಾಲು ಸಿಗುವುದಿಲ್ಲ. ಬಂದ ಹೊಸತರಲ್ಲೇ ಬಳಸಿಕೊಳ್ಳಿ. ವರ್ಕ್ ಪರ್ಮಿಟ್ ಅಥವಾ ಸ್ಟಡಿ ಪರ್ಮಿಟ್ ಮೇಲೆ ಬಂದಿದ್ದರೆ ಕೇಂದ್ರದ ಹಣದಲ್ಲಿ ನಡೆಯುವ ಕಾರ್ಯಕ್ರಮಗಳು ಹೆಚ್ಚಿನವು ನಿಮಗಿಲ್ಲ. ಆದರೂ ಒಮ್ಮೆ ಕೇಳಿ. ಅದೇ ಕಟ್ಟಡದಲ್ಲಿ ಬೇರೆ ಹಣದಿಂದ ನಡೆಯುವ ಸೇವೆಗಳೂ ಇರುತ್ತವೆ.

ಮೊದಲ ಭೇಟಿ ಹೇಗಿರುತ್ತದೆ? ಮೊದಲೇ ಅಪಾಯಿಂಟ್‌ಮೆಂಟ್ ತಗೊಳ್ಳಿ. ಪಾಸ್‌ಪೋರ್ಟ್, ಪಿಆರ್ ಕಾರ್ಡ್ ಅಥವಾ ಲ್ಯಾಂಡಿಂಗ್ ಪತ್ರ, ರೆಸ್ಯೂಮೆ ತಗೊಂಡು ಹೋಗಿ. ಕೌನ್ಸೆಲರ್ ಮನೆಯಲ್ಲಿ ಯಾರ್‍ಯಾರಿದ್ದೀರಿ, ಎಲ್ಲಿ ಉಳಿದುಕೊಂಡಿದ್ದೀರಿ, ಏನು ಓದಿದ್ದೀರಿ, ಕೈಯಲ್ಲಿ ಎಷ್ಟು ತಿಂಗಳಿಗೆ ಆಗುವಷ್ಟು ದುಡ್ಡಿದೆ ಅಂತ ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಾರೆ. ಪ್ರಶ್ನೆಗಳು ಖಾಸಗಿ ಅನ್ನಿಸಬಹುದು. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಆಗಲೇ ಅವರು ಸರಿಯಾದ ದಾರಿ ತೋರಿಸಲು ಸಾಧ್ಯ. ಆಮೇಲೆ ರೆಸ್ಯೂಮೆ ನೋಡುತ್ತಾರೆ. ಊರಿನ ಬಯೋಡೇಟಾದಲ್ಲಿ ಇರುವ ತಂದೆ ಹೆಸರು, ಹುಟ್ಟಿದ ತಾರೀಖು, ಮದುವೆ ಆಗಿದೆಯೋ ಇಲ್ಲವೋ, ಮೂಲೆಯಲ್ಲಿ ಅಂಟಿಸಿದ ಫೋಟೋ, ಕೊನೆಯಲ್ಲಿ 'ಮೇಲಿನದೆಲ್ಲ ಸತ್ಯ' ಅನ್ನುವ ಸಾಲು ಎಲ್ಲಕ್ಕೂ ಪೆನ್ನಿನಿಂದ ಗೀಟು ಬೀಳುತ್ತದೆ. ಐದು ಪುಟ ಇದ್ದದ್ದು ಎರಡಕ್ಕೆ ಇಳಿಯುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿಯ ಕಂಪನಿಗಳು ನೋಡುವ ರೀತಿಯೇ ಹಾಗೆ.

ಇಂಗ್ಲಿಷ್ ಕಷ್ಟ ಅನ್ನಿಸಿದರೆ ಲಿಂಕ್ ಕ್ಲಾಸ್ ಇದೆ, ಅದೂ ಉಚಿತ. ಮನೆಯಲ್ಲಿ ಒಬ್ಬರು ಐಟಿಯಲ್ಲಿದ್ದು ಇನ್ನೊಬ್ಬರು ಕನ್ನಡ ಮಾಧ್ಯಮದಲ್ಲಿ ಓದಿ ಬಂದಿದ್ದರೆ, ಅವರನ್ನು ದಯವಿಟ್ಟು ಮನೆಯಲ್ಲೇ ಕೂರಿಸಬೇಡಿ. ಕ್ಲಾಸ್ ನಡೆಯುವ ಕೆಲವು ಕಡೆ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಇದೆ. ಇಂಗ್ಲಿಷ್ ಜೊತೆಗೆ ಸ್ವಂತ ಗೆಳೆಯರೂ ಅಲ್ಲಿ ಸಿಗುತ್ತಾರೆ. ಅದು ಇನ್ನೂ ದೊಡ್ಡ ಲಾಭ ಅಂತ ನಮ್ಮ ಅಭಿಪ್ರಾಯ.

ಹತ್ತಿರದ ಏಜೆನ್ಸಿ ಯಾವುದು ಅಂತ ಗೊತ್ತಾಗದಿದ್ದರೆ 211ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾರಾದರೂ ಎತ್ತುತ್ತಾರೆ. ಬಾಡಿಗೆ, ಊಟ, ಕಾನೂನು, ಮಕ್ಕಳು ಏನೇ ಇರಲಿ, ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ. ನಿಮ್ಮ ಭಾಷೆಯ ದುಭಾಷಿ ಬೇಕು ಅಂತ ಕೇಳಿ ನೋಡಿ.

ಪಕ್ಕದ ಕುರ್ಚಿಯಲ್ಲಿ ಕೂತವರು

ಏಜೆನ್ಸಿಯಲ್ಲಿ ನಿಮ್ಮ ಪಕ್ಕ ಸಿರಿಯಾದಿಂದ, ಅಫ್ಘಾನಿಸ್ತಾನದಿಂದ ಬಂದ ಕುಟುಂಬ ಕೂತಿರಬಹುದು. ಅವರು ಬಂದ ದಾರಿಯೇ ಬೇರೆ. 1979ರಿಂದ ಕೆನಡಾದಲ್ಲಿ ಸಾಮಾನ್ಯ ಜನರೂ ನಿರಾಶ್ರಿತರ ಹೊಣೆ ಹೊರಬಹುದು. ಒಂದು ಚರ್ಚ್ ಅಥವಾ ಕನಿಷ್ಠ ಐದು ಜನ ನೆರೆಹೊರೆಯವರು ಸೇರಿ ಹಣ ಹೊಂದಿಸುತ್ತಾರೆ, ಮನೆ ಹುಡುಕುತ್ತಾರೆ, ಪಾತ್ರೆ ಹಾಸಿಗೆ ಜೋಡಿಸುತ್ತಾರೆ, ಏರ್‌ಪೋರ್ಟಿನಿಂದ ಕರೆತಂದು ಸಾಮಾನ್ಯವಾಗಿ ಒಂದು ವರ್ಷ ಜೊತೆಗೆ ನಿಲ್ಲುತ್ತಾರೆ. ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾದವರು ಹೀಗೆ ಸಾವಿರಾರು ಸಂಖ್ಯೆಯಲ್ಲಿ ಬಂದು ನೆಲೆಯಾದರು. 1986ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ತನ್ನ ನ್ಯಾನ್ಸೆನ್ ಪದಕವನ್ನು ಕೆನಡಾದ ಜನರಿಗೇ ಕೊಟ್ಟಿತು.

ಇದು ನಮಗೆ ಹೊಸದೇನಲ್ಲ. ಟಿಬೆಟ್ ಬಿಟ್ಟು ಬಂದವರಿಗೆ 1960ರ ಸುಮಾರಿಗೆ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿದ್ದು ಆಗಿನ ಮೈಸೂರು ರಾಜ್ಯ. ಆಮೇಲೆ ಮುಂಡಗೋಡು, ಕೊಳ್ಳೇಗಾಲ, ಹುಣಸೂರು ಕಡೆಯೂ ಅವರ ಊರುಗಳಾದವು. ಈಗ ಟೊರೊಂಟೊದ ಪಾರ್ಕ್‌ಡೇಲ್‌ನಲ್ಲಿ ಟಿಬೆಟನ್ನರ ದೊಡ್ಡ ಬಡಾವಣೆಯೇ ಇದೆ. ಅವರಲ್ಲಿ ಭಾರತದಲ್ಲೇ ಹುಟ್ಟಿ ಬೆಳೆದವರು ತುಂಬಾ ಜನ. ಕ್ವೀನ್ ಸ್ಟ್ರೀಟಿನ ಮೊಮೊ ಹೋಟೆಲಿಗೆ ಹೋದಾಗ ಎಲ್ಲಿಯವರು ಅಂತ ವಿಚಾರಿಸಿ ನೋಡಿ. ಮೈಸೂರು ಬಸ್ ಸ್ಟ್ಯಾಂಡ್ ಗೊತ್ತಿರುವವರು ಸಿಕ್ಕರೂ ಸಿಗಬಹುದು. ಸಂಘದ ಸದಸ್ಯರಲ್ಲಿ ಬಿಡುವಿದ್ದವರು ನಿರಾಶ್ರಿತ ಕುಟುಂಬಗಳಿಗೆ ನೆರವಾಗಲು ಮುಂದೆ ಬಂದರೆ ನಮಗೆ ತುಂಬಾ ಸಂತೋಷ.

ಮೊದಲ ವಾರಗಳ ಕಾಗದ ಪತ್ರ

ಸಿನ್ ನಂಬರ್ (ಕೆಲಸಕ್ಕೆ, ಟ್ಯಾಕ್ಸಿಗೆ ಬೇಕಾಗುವ ಸರ್ಕಾರಿ ಗುರುತಿನ ಸಂಖ್ಯೆ) ಸರ್ವಿಸ್ ಕೆನಡಾ ಕಚೇರಿಯಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಯಾರಿಗೂ ವಾಟ್ಸಾಪ್ ಮಾಡಬೇಡಿ, ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಬೇಡಿ.

ಹೆಲ್ತ್ ಕಾರ್ಡಿಗೆ ಸರ್ವಿಸ್ ಒಂಟಾರಿಯೊಗೆ ಹೋಗಬೇಕು. ಮೂರು ತಿಂಗಳು ಕಾಯಬೇಕು ಅಂತ ಹಳಬರು ಹೇಳಬಹುದು. ಆ ನಿಯಮ 2020ರಲ್ಲೇ ಹೋಯಿತು. ವಲಸೆ ಪತ್ರ, ಒಂಟಾರಿಯೊದಲ್ಲಿ ವಾಸ ಇರುವ ದಾಖಲೆ, ಗುರುತಿನ ದಾಖಲೆ ಮೂರೂ ಮೂಲ ಪ್ರತಿಯೇ ಆಗಬೇಕು, ಜೆರಾಕ್ಸ್ ನಡೆಯುವುದಿಲ್ಲ. ವರ್ಕ್ ಪರ್ಮಿಟ್ ಇರುವವರಿಗೆ ಒಂಟಾರಿಯೊದ ಕಂಪನಿಯಲ್ಲಿ ಕನಿಷ್ಠ ಆರು ತಿಂಗಳ ಪೂರ್ಣಾವಧಿ ಕೆಲಸ ಇರಬೇಕು. ವಿದ್ಯಾರ್ಥಿಗಳಿಗೆ ಇದು ಬರುವುದಿಲ್ಲ, ಕಾಲೇಜಿನ ವಿಮೆಯೇ ಗತಿ. ಫ್ಯಾಮಿಲಿ ಡಾಕ್ಟರ್ ಸಿಗುವುದು ತಡವಾಗುತ್ತದೆ, ಹೆಸರು ಬರೆಸಿಟ್ಟಿರಿ. ಅಲ್ಲಿಯವರೆಗೆ ವಾಕ್-ಇನ್ ಕ್ಲಿನಿಕ್ ಇದೆ. ರಾತ್ರಿ ಮಗುವಿಗೆ ಜ್ವರ ಬಂದು ಏನು ಮಾಡುವುದು ತಿಳಿಯದಿದ್ದರೆ 811ಕ್ಕೆ ಫೋನ್ ಮಾಡಿದರೆ ನರ್ಸ್ ಸಲಹೆ ಕೊಡುತ್ತಾರೆ. ಪ್ರಾಣಕ್ಕೆ ಅಪಾಯ ಅನ್ನಿಸಿದರೆ 911.

ಮಕ್ಕಳ ಲಸಿಕೆಯ ದಾಖಲೆ, ನಮ್ಮ ತಾಯಿ ಕಾರ್ಡ್ ಅಥವಾ ಡಾಕ್ಟರ್ ಕೊಟ್ಟ ಪುಸ್ತಕ, ಊರಿನಲ್ಲೇ ಬಿಟ್ಟು ಬಂದಿದ್ದರೆ ಇವತ್ತೇ ಫೋಟೋ ತರಿಸಿಕೊಳ್ಳಿ. ಶಾಲೆಗೆ ಹೋಗುವ ಮಕ್ಕಳ ಲಸಿಕೆ ವಿವರವನ್ನು ಇಲ್ಲಿಯ ಸಾರ್ವಜನಿಕ ಆರೋಗ್ಯ ಇಲಾಖೆಗೆ ಕೊಡಲೇಬೇಕು. ಡಿಸೆಂಬರ್ 31ರೊಳಗೆ 4 ವರ್ಷ ತುಂಬುವ ಮಗು ಆ ಸೆಪ್ಟೆಂಬರಿನಲ್ಲೇ ಜೂನಿಯರ್ ಕಿಂಡರ್‌ಗಾರ್ಟನ್ ಸೇರಬಹುದು. ಸರ್ಕಾರಿ ಶಾಲೆಗೆ ಫೀಸು ಇಲ್ಲ, ಡೊನೇಷನ್ ಇಲ್ಲ. ದೊಡ್ಡ ಮಕ್ಕಳಿಗೆ ಮೊದಲು ಇಂಗ್ಲಿಷ್, ಗಣಿತದಲ್ಲಿ ಎಷ್ಟು ಬರುತ್ತದೆ ಅಂತ ನೋಡುತ್ತಾರೆ. ಪೀಲ್ ಶಾಲಾ ಮಂಡಳಿಯಲ್ಲಿ ಇದಕ್ಕೆ 'ವಿ ವೆಲ್ಕಮ್ ದ ವರ್ಲ್ಡ್' ಅನ್ನುವ ಕೇಂದ್ರಗಳೇ ಇವೆ. ಮಗುವನ್ನು ಇಎಸ್‌ಎಲ್ (ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ) ತರಗತಿಗೆ ಹಾಕಿದರೆ ಅವಮಾನ ಅಂದುಕೊಳ್ಳಬೇಡಿ, ಬೇಡ ಅಂತ ಹಟ ಹಿಡಿಯಲೂ ಬೇಡಿ. ಮಗುವಿಗೆ ಅದರಿಂದ ಒಳ್ಳೆಯದೇ ಆಗುತ್ತದೆ. ಬಹಳ ಶಾಲೆಗಳಿಗೆ ಹೊಸ ಕುಟುಂಬಗಳಿಗೆಂದೇ ಸೆಟಲ್‌ಮೆಂಟ್ ವರ್ಕರ್ ಬರುತ್ತಾರೆ. ಅವರು ಯಾವತ್ತು ಇರುತ್ತಾರೆ ಅಂತ ಆಫೀಸಿನಲ್ಲಿ ಕೇಳಿ.

ಕೆಲಸ ಸಿಗದಿದ್ದರೂ, ಆದಾಯ ಸೊನ್ನೆ ಇದ್ದರೂ, ಪ್ರತಿ ವರ್ಷ ಏಪ್ರಿಲ್ 30ರೊಳಗೆ ಟ್ಯಾಕ್ಸ್ ರಿಟರ್ನ್ ಸಲ್ಲಿಸಿ. ಮಕ್ಕಳಿಗೆ ಬರುವ ಕೆನಡಾ ಚೈಲ್ಡ್ ಬೆನಿಫಿಟ್ ಹಣ ಅದರ ಮೇಲೆಯೇ ನಿಂತಿದೆ. ಪಿಆರ್ ಇದ್ದರೆ ಬಂದ ಕೂಡಲೇ ಅರ್ಜಿ ಹಾಕಬಹುದು. ಪರ್ಮಿಟ್ ಮೇಲೆ ಇರುವವರು 18 ತಿಂಗಳು ಇಲ್ಲಿ ವಾಸ ಮಾಡಿರಬೇಕು.

ಬಾಡಿಗೆ ಮನೆ

ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. ಮೊದಲ ತಿಂಗಳ ಬಾಡಿಗೆ, ಕೊನೆಯ ತಿಂಗಳ ಬಾಡಿಗೆ ಅಷ್ಟೇ. ಡ್ಯಾಮೇಜ್ ಡೆಪಾಸಿಟ್ ಕೇಳುವುದು ಒಂಟಾರಿಯೊದಲ್ಲಿ ಕಾನೂನಿಗೆ ವಿರುದ್ಧ. ಕ್ರೆಡಿಟ್ ಹಿಸ್ಟರಿ ಇಲ್ಲ ಅಂದಾಗ ಆರು ತಿಂಗಳು, ವರ್ಷದ ಬಾಡಿಗೆ ಮುಂಗಡ ಕೇಳುವ ಓನರುಗಳಿದ್ದಾರೆ. ಹಾಗೆ ಒತ್ತಾಯ ಮಾಡುವ ಹಕ್ಕು ಅವರಿಗಿಲ್ಲ. ಬದಲಿಗೆ ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಪತ್ರ ತೋರಿಸಿ. ಕರಾರು ಸರ್ಕಾರ ಗೊತ್ತುಮಾಡಿದ ನಮೂನೆಯಲ್ಲೇ ಇರಲಿ. ಮನೆ ಕಣ್ಣಾರೆ ನೋಡದೆ ಒಂದು ಡಾಲರನ್ನೂ ಇ-ಟ್ರಾನ್ಸ್‌ಫರ್ ಮಾಡಬೇಡಿ. ಊರಿನಲ್ಲಿದ್ದುಕೊಂಡೇ ಫೋಟೋ ನೋಡಿ ಹಣ ಕಳಿಸಿ ಮೋಸ ಹೋಗುವವರು ಈಗಲೂ ಇದ್ದಾರೆ.

ಬೇಸ್‌ಮೆಂಟ್ ಮನೆಯಾದರೆ ಹೊರಗೆ ಹೋಗಲು ಸರಿಯಾದ ದಾರಿ ಇದೆಯಾ, ಹೊಗೆ ಅಲಾರಂ ಕೆಲಸ ಮಾಡುತ್ತದಾ ನೋಡಿ. ಹೀಟರ್ ಓನರ್ ಕೈಯಲ್ಲಿದ್ದರೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದು ಅವರ ಹೊಣೆ. ಟೊರೊಂಟೊ ನಗರದಲ್ಲಿ ಕನಿಷ್ಠ 21 ಡಿಗ್ರಿ ಇರಲೇಬೇಕು. ಜಗಳ ಬಂದರೆ ಮನೆ ಖಾಲಿ ಮಾಡುವ ಮೊದಲು ಕಮ್ಯುನಿಟಿ ಲೀಗಲ್ ಕ್ಲಿನಿಕ್ ವಿಚಾರಿಸಿ. ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರ ಸಲಹೆ ಉಚಿತ.

ಜಾಕೆಟ್, ಬೂಟು ಊರಿನಿಂದ ಹೊತ್ತು ತರಬೇಡಿ. ಇಲ್ಲಿಯ ಚಳಿಗೆ ಇಲ್ಲಿಯದೇ ಬೇಕು. ಮಕ್ಕಳದ್ದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಚೆನ್ನಾಗಿರುವುದೇ ಸಿಗುತ್ತದೆ.

ಕೆಲಸ, ಲೈಸೆನ್ಸ್

ಎಂಜಿನಿಯರುಗಳಿಗೆ ಒಂದು ಒಳ್ಳೆಯ ಸುದ್ದಿ. ಪರವಾನಗಿಗೆ ಕೆನಡಾದ ಅನುಭವ ಬೇಕು ಅನ್ನುವ ನಿಯಮವನ್ನು ಒಂಟಾರಿಯೊದ ಎಂಜಿನಿಯರಿಂಗ್ ಮಂಡಳಿ 2023ರ ಮೇ ತಿಂಗಳಲ್ಲಿ ತೆಗೆದುಹಾಕಿತು. ನರ್ಸ್, ಶಿಕ್ಷಕರು, ಅಕೌಂಟೆಂಟುಗಳು ತಮ್ಮ ತಮ್ಮ ಮಂಡಳಿಯನ್ನೇ ನೇರವಾಗಿ ಕೇಳಬೇಕು. ಸಿಕ್ಕ ಕೆಲಸಕ್ಕೆ ಸೇರುವುದರಲ್ಲಿ ನಾಚಿಕೆ ಏನಿಲ್ಲ. ಆದರೆ ಗೋದಾಮಿನ ರಾತ್ರಿ ಪಾಳಿಗೆ ಸೇರಿದ ದಿನವೇ ಪರವಾನಗಿಯ ಅರ್ಜಿಯನ್ನೂ ಶುರು ಮಾಡಿ. ನಾಳೆ ನಾಡಿದ್ದು ಅಂತ ಬಿಟ್ಟರೆ ವರ್ಷಗಳೇ ಕಳೆದುಹೋಗುತ್ತವೆ.

ಭಾರತದ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ 60 ದಿನ ಮಾತ್ರ ನಡೆಯುತ್ತದೆ. ಆರ್‌ಟಿಒದಿಂದ ಡಿಎಲ್ ಎಕ್ಸ್‌ಟ್ರಾಕ್ಟ್ ತರಿಸಿಕೊಂಡರೆ ಒಳ್ಳೆಯದು. ಎರಡು ವರ್ಷಕ್ಕಿಂತ ಜಾಸ್ತಿ ಓಡಿಸಿದ ಅನುಭವಕ್ಕೆ ಅಧಿಕೃತ ದಾಖಲೆ ತೋರಿಸಿದವರು ಜಿ1 ಅನ್ನುವ ಲಿಖಿತ ಪರೀಕ್ಷೆ ಬರೆದ ಮೇಲೆ ನೇರವಾಗಿ ಜಿ, ಅಂದರೆ ಪೂರ್ಣ ಲೈಸೆನ್ಸಿನ ರಸ್ತೆ ಪರೀಕ್ಷೆಗೇ ಕೂರಬಹುದು.

ಕೆಲಸ ಕೊಡಿಸಲು ಅಥವಾ ಎಲ್‌ಎಂಐಎ (ವಿದೇಶಿಯರನ್ನು ಕೆಲಸಕ್ಕೆ ತಗೊಳ್ಳಲು ಕಂಪನಿಗೆ ಬೇಕಾಗುವ ಸರ್ಕಾರಿ ಒಪ್ಪಿಗೆ) ಮಾಡಿಸಲು ದುಡ್ಡು ಕೇಳಿದರೆ ಅದು ಅಕ್ರಮ, ಕೇಳಿದವರು ಕನ್ನಡದವರೇ ಆಗಿದ್ದರೂ ಸರಿ. ವಲಸೆ ಸಲಹೆಗಾರರ ಹೆಸರು ಅವರಿಗೆ ಲೈಸೆನ್ಸ್ ಕೊಡುವ 'ಕಾಲೇಜ್' ಅನ್ನುವ ಮಂಡಳಿಯ ಸಾರ್ವಜನಿಕ ಪಟ್ಟಿಯಲ್ಲಿ ಇದೆಯಾ ಅಂತ ನೋಡಿಯೇ ಹಣ ಕೊಡಿ. ಟ್ಯಾಕ್ಸ್ ಇಲಾಖೆಯವರು ಅಂತ ಫೋನ್ ಮಾಡಿ, ಅರೆಸ್ಟ್ ಮಾಡುತ್ತೇವೆ, ಗಿಫ್ಟ್ ಕಾರ್ಡ್ ತಂದುಕೊಡಿ ಅಂದರೆ ಕಟ್ ಮಾಡಿಬಿಡಿ.

ಅಪ್ಪ ಅಮ್ಮ ಬರುವಾಗ

ಸೂಪರ್ ವೀಸಾದಲ್ಲಿ ಒಮ್ಮೆ ಬಂದರೆ ಐದು ವರ್ಷದವರೆಗೆ ಇರಬಹುದು. ಕನಿಷ್ಠ 1,00,000 ಡಾಲರಿನ ಆರೋಗ್ಯ ವಿಮೆ ಕಡ್ಡಾಯ. ಶುಗರ್, ಬಿಪಿ ಇದ್ದರೆ ಮುಚ್ಚಿಡದೆ ವಿಮೆಯವರಿಗೆ ಹೇಳಿ. ಮುಚ್ಚಿಟ್ಟದ್ದು ಗೊತ್ತಾದರೆ ಆಸ್ಪತ್ರೆ ಬಿಲ್ಲು ನಿಮ್ಮ ತಲೆ ಮೇಲೆ ಬೀಳುತ್ತದೆ. ಇನ್ನು ಹಿರಿಯರಿಗೆ ಚಳಿಗಿಂತ ಜಾಸ್ತಿ ಕಾಡುವುದು ಮಾತಾಡಲು ಯಾರೂ ಇಲ್ಲದಿರುವುದು. ಬಸ್ ಹತ್ತುವುದನ್ನು ಮೊದಲ ವಾರವೇ ಕಲಿಸಿ, ಲೈಬ್ರರಿ ತೋರಿಸಿ. ಮೊಮ್ಮಕ್ಕಳನ್ನು ನೋಡಿಕೊಳ್ಳುವುದಷ್ಟೇ ಅವರ ಕೆಲಸ ಆಗಬಾರದು, ಅಲ್ವಾ?

ಮನೆಯೊಳಗಿನ ಕಷ್ಟ

ಇದನ್ನು ಬಿಡಿಸಿ ಹೇಳಲೇಬೇಕು. ಗಂಡ ಅಥವಾ ಮನೆಯವರು ಹೊಡೆಯುತ್ತಿದ್ದರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದರೆ, ದುಡ್ಡು ಕೊಡದೆ ಕೂಡಿಹಾಕಿದ್ದರೆ ಇಲ್ಲಿ ಸಹಾಯ ಇದೆ. "ನನ್ನನ್ನು ಬಿಟ್ಟರೆ ನಿನ್ನ ಪಿಆರ್ ಹೋಗುತ್ತದೆ, ಊರಿಗೆ ಕಳಿಸುತ್ತಾರೆ" ಅಂತ ಹೆದರಿಸುವವರಿದ್ದಾರೆ. ಅದು ಸುಳ್ಳು. ಗಂಡ ಸ್ಪಾನ್ಸರ್ ಮಾಡಿ ಬಂದಿದ್ದರೂ, ಪಿಆರ್ ಸಿಕ್ಕ ಮೇಲೆ ಬೇರೆಯಾದರು ಅನ್ನುವ ಒಂದೇ ಕಾರಣಕ್ಕೆ ಅದು ಹೋಗುವುದಿಲ್ಲ. ಎರಡು ವರ್ಷ ಜೊತೆಗಿರಬೇಕು ಅನ್ನುವ ಷರತ್ತು 2017ರಲ್ಲೇ ರದ್ದಾಯಿತು. ಪಿಆರ್ ಇನ್ನೂ ಸಿಗದವರು ಹಿಂಸೆಯಿಂದ ಹೊರಬರಲು ವಿಶೇಷ ಪರ್ಮಿಟ್ ಕೇಳಬಹುದು. 211ಕ್ಕೆ ಹೇಳಿದರೆ ತಂಗುವ ಜಾಗ, ವಕೀಲರು ಎರಡಕ್ಕೂ ದಾರಿ ತೋರಿಸುತ್ತಾರೆ. ಟೊರೊಂಟೊದಲ್ಲಿ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿ ಶುರುವಾದ ಸೌತ್ ಏಷ್ಯನ್ ವಿಮೆನ್ ಆ್ಯಂಡ್ ಇಮಿಗ್ರಂಟ್ಸ್ ಸರ್ವಿಸಸ್ (ಹಿಂದಿನ ಹೆಸರು ಸೌತ್ ಏಷ್ಯನ್ ವಿಮೆನ್ಸ್ ಸೆಂಟರ್) ಇದೆ.

ಇಂಥ ವಿಷಯ ಸಂಘಕ್ಕೆ ಬಂದರೆ ನಾವು ಪಂಚಾಯ್ತಿ ಮಾಡುವುದಿಲ್ಲ, ಹೊಂದಿಕೊಂಡು ಹೋಗಮ್ಮ ಅಂತ ಹೇಳುವುದೂ ಇಲ್ಲ. ಅವರ ಮಾತು ಬೇರೆ ಯಾರ ಕಿವಿಗೂ ಬೀಳದಂತೆ ನೋಡಿಕೊಂಡು, ತಿಳಿದವರ ಹತ್ತಿರ ಕರೆದುಕೊಂಡು ಹೋಗುತ್ತೇವೆ.

ಸಂಘದಿಂದ ಏನು ಸಿಗುತ್ತದೆ

ಸಾಲ ಕೊಡುವುದು, ಬಾಡಿಗೆಗೆ ಜಾಮೀನು ನಿಲ್ಲುವುದು, ವೀಸಾ ಅರ್ಜಿ ತುಂಬುವುದು ನಮ್ಮಿಂದ ಆಗುವುದಿಲ್ಲ. ಮೊದಲ ಬಾರಿ ಏಜೆನ್ಸಿಗೋ ಶಾಲೆಗೋ ಹೋಗುವಾಗ ಜೊತೆಗೆ ಒಬ್ಬರು ಬರಬಹುದು, ಕನ್ನಡದಲ್ಲಿ ಹೇಳಿ ಇಂಗ್ಲಿಷಿಗೆ ತಿಳಿಸಬಹುದು. ಬಾಣಂತಿ ಇರುವ ಮನೆಗೆ ಸಾರು ಅನ್ನ ಬೇಕಾದರೆ ಹೇಳಿ, ಅದನ್ನು ಮಾಡಿ ತರುವ ಅಮ್ಮಂದಿರಿದ್ದಾರೆ. ರಾಗಿ ಹಿಟ್ಟು, ಸೋನಾ ಮಸೂರಿ ಎಲ್ಲಿ ಸಿಗುತ್ತದೆ ಅನ್ನುವುದಂತೂ ಯಾರನ್ನು ಕೇಳಿದರೂ ಹೇಳುತ್ತಾರೆ. ಯುಗಾದಿ, ರಾಜ್ಯೋತ್ಸವಕ್ಕೆ ಬನ್ನಿ. ಹೊಸದಾಗಿ ಬಂದವರು ಅಂತ ಬಾಗಿಲಲ್ಲೇ ಹೇಳಿ, ನಿಮ್ಮ ಬಡಾವಣೆಯಲ್ಲೇ ಇರುವ ಒಂದು ಕುಟುಂಬದ ಪರಿಚಯ ಮಾಡಿಸುತ್ತೇವೆ. ಜೊತೆಗೆ ಯಾರಾದರೂ ಬರಬೇಕು ಅಂತಿದ್ದರೆ ಎರಡು ಮೂರು ದಿನ ಮೊದಲೇ ತಿಳಿಸಿ. ನಮ್ಮ ಸ್ವಯಂಸೇವಕರೆಲ್ಲ ಕೆಲಸಕ್ಕೆ ಹೋಗುವವರು, ರಜೆ ಹಾಕಿ ಬರಬೇಕಾಗುತ್ತದೆ.