ರಕ್ತಸ್ರಾವ ಕಾಯಿಲೆಗಳ ಜಾಗೃತಿ ಮಾಸ: ಜಿಲ್ಲಾಡಳಿತದಿಂದ ಆದೇಶ ಪಡೆಯುವ ಬಗೆ

ಮೊದಲು ಯಾವ ತಿಂಗಳು ಎಂದು ತೀರ್ಮಾನಿಸಿಕೊಳ್ಳಿ. ಅಮೆರಿಕದಲ್ಲಿ ಅದು ಮಾರ್ಚ್. 1986ರಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಮಾರ್ಚನ್ನು ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಜಾಗೃತಿ ಮಾಸವೆಂದು ಘೋಷಿಸಿದ್ದರು. 2016ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಎಲ್ಲ ರಕ್ತಸ್ರಾವ ಕಾಯಿಲೆಗಳನ್ನೂ ಅದರಲ್ಲಿ ಸೇರಿಸಿತು. ನಮ್ಮ ಕರಾವಳಿಗೆ ಮಾರ್ಚ್ ಹೊಂದುವುದಿಲ್ಲ. ಆಗ ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿರುತ್ತದೆ, ಕಚೇರಿಗಳಲ್ಲಿ ಹಣಕಾಸು ವರ್ಷ ಮುಗಿಸುವ ಧಾವಂತ. ಏಪ್ರಿಲ್ ಕೇಳಿ. ಏಪ್ರಿಲ್ 17 ವಿಶ್ವ ಹಿಮೋಫಿಲಿಯಾ ದಿನ. ವಿಶ್ವ ಹಿಮೋಫಿಲಿಯಾ ಒಕ್ಕೂಟದ ಸ್ಥಾಪಕ ಫ್ರಾಂಕ್ ಶ್ನಾಬೆಲ್ ಹುಟ್ಟಿದ ದಿನವಾದ ಅದನ್ನು 1989ರಿಂದ ಆಚರಿಸಲಾಗುತ್ತಿದೆ. ಆ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆ, ಹಾಗಾಗಿ ಶಾಲಾ ಕಾರ್ಯಕ್ರಮವನ್ನು ನೆಚ್ಚಿಕೊಳ್ಳಬೇಡಿ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಹೋಗಿ.

ಮನವಿ ಜನವರಿಯಲ್ಲೇ ಕೊಡಬೇಕು. ಉಡುಪಿಯವರು ಮಣಿಪಾಲದ ರಜತಾದ್ರಿಯಲ್ಲಿ, ಮಂಗಳೂರಿನವರು ತಮ್ಮ ಜಿಲ್ಲಾಧಿಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಂದು ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿಗೆ, ಇನ್ನೊಂದು ಜಿಲ್ಲಾ ಆಸ್ಪತ್ರೆಯ ಮುಖ್ಯಸ್ಥರಿಗೆ (ವೆನ್ಲಾಕ್ ಅಥವಾ ಅಜ್ಜರಕಾಡು). ಒಂದು ವಾರ ಬಿಟ್ಟು ಕಡತದ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಫೋನಿನಲ್ಲಿ ವಿಚಾರಿಸುವಾಗ ಆ ಸಂಖ್ಯೆ ಇಲ್ಲದಿದ್ದರೆ ಯಾರೂ ಕಡತ ಹುಡುಕಿ ಕೊಡುವುದಿಲ್ಲ.

ಹೆಚ್ಚಿನ ಮನವಿಗಳು ಸೋಲುವುದು ಬರೆಯುವ ರೀತಿಯಲ್ಲಿ. ‘ಏಪ್ರಿಲನ್ನು ಜಾಗೃತಿ ಮಾಸವೆಂದು ಘೋಷಿಸಬೇಕು’ ಎಂದಷ್ಟೇ ಬರೆದರೆ, ಅದು ಸರ್ಕಾರದ ಮಟ್ಟದ ವಿಷಯ ಎಂಬ ಹಿಂಬರಹ ಬರುತ್ತದೆ. ಅದು ತಪ್ಪೂ ಅಲ್ಲ. ರಾಜ್ಯಕ್ಕೆ ಅನ್ವಯಿಸುವ ಘೋಷಣೆ ಬೆಂಗಳೂರಿನಿಂದಲೇ ಆಗಬೇಕು. ಜಿಲ್ಲಾಧಿಕಾರಿಗೆ ಮಾಡಲು ಸಾಧ್ಯವಿರುವುದನ್ನೇ ಕೇಳಿ:

‘ಏಪ್ರಿಲ್ ತಿಂಗಳಲ್ಲಿ ರಕ್ತಸ್ರಾವ ಕಾಯಿಲೆಗಳ ಬಗ್ಗೆ ಜಾಗೃತಿ ಮೂಡಿಸಲು, ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಆಶಾ ಮಾಸಿಕ ಸಭೆಯಲ್ಲಿ ಅರ್ಧ ಗಂಟೆ ಮಾಹಿತಿ ನೀಡುವಂತೆ ಹಾಗೂ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ದಿನ ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಶಿಬಿರ ನಡೆಸುವಂತೆ ಸಂಬಂಧಪಟ್ಟವರಿಗೆ ಸುತ್ತೋಲೆ ಹೊರಡಿಸಬೇಕಾಗಿ ಕೋರಿಕೆ.’

ಯುಡಿಐಡಿ ಬೇಡಿಕೆಗೆ ಕಾನೂನಿನ ಬಲವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಹಿಮೋಫಿಲಿಯಾ, ಅಂದರೆ ಕುಸುಮ ರೋಗವೂ ಒಂದು. ಮನವಿಯಲ್ಲಿ ಕಾಯ್ದೆಯ ಹೆಸರು ಬರೆಯಿರಿ. ರೋಗಿಗಳ ಹೆಸರು, ಪಟ್ಟಿ ಲಗತ್ತಿಸಬೇಡಿ. ಕಡತ ಹತ್ತು ಮೇಜು ದಾಟುತ್ತದೆ.

ಇನ್ನೊಂದು ಎಡವಟ್ಟು ಪದೇ ಪದೇ ಆಗುತ್ತದೆ. ವಿಷಯದ ಸಾಲಿನಲ್ಲಿ ‘ರಕ್ತ’ ಎಂದು ಕಂಡ ಕೂಡಲೇ ಕಡತ ರಕ್ತನಿಧಿಗೆ ಹೋಗಿ, ಕೊನೆಗೆ ಒಂದು ರಕ್ತದಾನ ಶಿಬಿರವಾಗಿ ಮುಗಿಯುತ್ತದೆ. ರಕ್ತದಾನ ಒಳ್ಳೆಯ ಕೆಲಸವೇ, ಆದರೆ ಇಲ್ಲಿ ಕೊರತೆ ಇರುವುದು ರಕ್ತ ಹೆಪ್ಪುಗಟ್ಟಿಸುವ ಅಂಶದ್ದು: ಹಿಮೋಫಿಲಿಯಾ ಎ ಇದ್ದವರಲ್ಲಿ ಫ್ಯಾಕ್ಟರ್ 8, ಬಿ ಇದ್ದವರಲ್ಲಿ ಫ್ಯಾಕ್ಟರ್ 9. ಇದನ್ನು ಮನವಿಯ ಎರಡನೇ ಸಾಲಿನಲ್ಲೇ ಹೇಳಿಬಿಡಿ.

ಜತೆಗೆ ಒಂದು ಪುಟದ ಮಾಹಿತಿ ಹಾಳೆ ಇರಲಿ. ಆಶಾ ಕಾರ್ಯಕರ್ತೆ ಮನೆಮನೆಯಲ್ಲಿ ಕೇಳಬಹುದಾದ ಪ್ರಶ್ನೆಗಳೇ ಅದರಲ್ಲಿರಬೇಕು: ಮುಟ್ಟಿನ ಸ್ರಾವ 7 ದಿನಕ್ಕಿಂತ ಹೆಚ್ಚು ಇರುತ್ತದೆಯೇ, ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತದೆಯೇ? ಹಲ್ಲು ಕೀಳಿಸಿದ ಮೇಲೆ ಮರುದಿನವೂ ರಕ್ತ ಸೋರಿತ್ತೇ? ಅಂಬೆಗಾಲಿಡುವ ಮಗುವಿನ ಮಂಡಿ ಬಾತುಕೊಳ್ಳುತ್ತದೆಯೇ? ಮುಟ್ಟಿನ ಪ್ರಶ್ನೆಯನ್ನು ಮುಜುಗರದಿಂದ ಬಿಡಬೇಡಿ. ವಾನ್ ವಿಲ್ಲೆಬ್ರಾಂಡ್ ಎಂಬ ಇನ್ನೊಂದು ರಕ್ತಸ್ರಾವ ಕಾಯಿಲೆ ಹೆಂಗಸರಿಗೂ ಬರುತ್ತದೆ, ಎಷ್ಟೋ ಜನ ‘ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೆಯೇ’ ಎಂದು ವರ್ಷಗಟ್ಟಲೆ ಸಹಿಸಿಕೊಂಡಿರುತ್ತಾರೆ.

ಡೆಂಗಿಯಿಂದಾಗಿ ನಮ್ಮೂರಲ್ಲಿ ಪ್ಲೇಟ್‌ಲೆಟ್ ಲೆಕ್ಕ ಎಲ್ಲರಿಗೂ ಗೊತ್ತು. ಅದು ಸರಿಯಿದೆ ಎಂದ ಮಾತ್ರಕ್ಕೆ ಈ ಕಾಯಿಲೆ ಇಲ್ಲ ಎಂದಲ್ಲ. ಹಿಮೋಫಿಲಿಯಾದಲ್ಲಿ ಪ್ಲೇಟ್‌ಲೆಟ್ ಸಾಮಾನ್ಯವಾಗಿಯೇ ಇರುತ್ತದೆ, ಏರುಪೇರು ಕಾಣುವುದು ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಎಪಿಟಿಟಿ ಪರೀಕ್ಷೆಯಲ್ಲಿ. ವಾನ್ ವಿಲ್ಲೆಬ್ರಾಂಡ್‌ನಲ್ಲಿ ಎಪಿಟಿಟಿಯೂ ಸರಿಯಿರಬಹುದು, ಅದಕ್ಕೆ ಪ್ರತ್ಯೇಕ ಪರೀಕ್ಷೆಯೇ ಬೇಕು. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ವೈದ್ಯರನ್ನು ಕೇಳದೆ ಸೊಂಟಕ್ಕೆ ಇಂಜೆಕ್ಷನ್ ಬೇಡ ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.

ಹಂಪನಕಟ್ಟೆಯ ಗಡಿಯಾರ ಗೋಪುರಕ್ಕೆ ಏಪ್ರಿಲ್ 17ರ ಸಂಜೆ ಕೆಂಪು ದೀಪ ಹಾಕಿಸಬೇಕೆಂದಿದ್ದರೆ ಪಾಲಿಕೆ ಆಯುಕ್ತರಿಗೆ ಬೇರೆಯೇ ಪತ್ರ ಕೊಡಿ. ಎಷ್ಟು ಗಂಟೆಯಿಂದ ಎಷ್ಟರವರೆಗೆ, ಖರ್ಚು ಯಾರದ್ದು ಎಂದು ಅದರಲ್ಲೇ ಬರೆಯಿರಿ. ಗ್ರಾಮ ಪಂಚಾಯತ್‌ನಲ್ಲಿ ಪಿಡಿಒ ಮೂಲಕ ವಿಷಯವನ್ನು ಸಭೆಯ ಕಾರ್ಯಸೂಚಿಗೆ ಸೇರಿಸಿ ನಿರ್ಣಯ ಮಾಡಿಸಿ. ಚುನಾಯಿತ ಮಂಡಳಿ ಇಲ್ಲದಿದ್ದರೆ ಆಡಳಿತಾಧಿಕಾರಿಗೆ ಬರೆಯಿರಿ. ಚುನಾವಣಾ ನೀತಿಸಂಹಿತೆ ಬರುವ ಸೂಚನೆ ಇದ್ದರೆ ಇನ್ನೂ ಮುಂಚೆಯೇ ಓಡಾಡಿ.

ಸುತ್ತೋಲೆಯ, ನಡಾವಳಿಯ ದೃಢೀಕೃತ ಪ್ರತಿ ಕೇಳಿ ಪಡೆಯಿರಿ. ಕೊಡದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದೊಳಗೆ ಉತ್ತರಿಸಬೇಕು. ಬೆಂಗಳೂರಿನ ಆರೋಗ್ಯ ಇಲಾಖೆಗೆ ರಾಜ್ಯಮಟ್ಟದ ಆದೇಶ ಕೋರಿ ಬರೆಯುವಾಗ ಈ ಪ್ರತಿಗಳನ್ನೇ ಲಗತ್ತಿಸಿ.